ಹೊತ್ತಿಗೆ ಮುಂಚೆ ಸೂರ್ಯನ್ನ ನುಂಗೋ ಬೆಟ್ಟ

ಪೆನ್ಸಿಲ್ಲಿಗೆ ಪೆನ್ಸಿಲ್ ಅಂತ ಹೆಸರಿಟ್ಟವಳು ಅವನ ಅಕ್ಕ. ಆಳು ಸಣಕಲ, ಕಿವಿ ಸಂದೀಲಿ ಸದಾ ಒಂದು ಪೆನ್ಸಿಲ್, ಮಾಡೋ ಕೆಲಸ ನಕ್ಷೆ ಬರಿಯೋದು. ಇನ್ನೇನು ಹೆಸರಿಡ್ತಾರೆ ಹೇಳಿ? ಅಕ್ಕನ ಕೆಲಸ ಅದಕ್ಕಿಂತ ವಿಚಿತ್ರ. ಹಳೇ ಸಂಸ್ಕೃತ ಕಾವ್ಯಗಳಲ್ಲಿ ಬರೋ ಬೆಟ್ಟಗಳು ಇವತ್ತು ನೆಲದ ಮೇಲೆ ಎಲ್ಲಿವೆ ಅಂತ ಹುಡುಕೋದು. ಮನೆಗೆ ಬಂದೋರು, "ಅಷ್ಟು ದೊಡ್ಡ ಬೆಟ್ಟ ಕಳೆದುಹೋಗುತ್ತೇನಮ್ಮಾ?" ಅಂತ ನಗೋರು. "ಬೆಟ್ಟ ಎಲ್ಲಿಗೂ ಹೋಗಲ್ಲ, ಅದರ ಹೆಸರು ಓಡಿಹೋಗಿರುತ್ತೆ. ನಾನು ಹಿಡ್ಕೊಂಡು ಬಂದು ಮತ್ತೆ ಕಟ್ಟಿಹಾಕ್ತೀನಿ," ಅಂತಿದ್ಲು ಅಕ್ಕ.

ಅವಳು ವರ್ಷಗಟ್ಟಲೆ ಹಿಡಿದು ಕೂತಿದ್ದು ಒಂದೇ ಒಂದು ಕಾವ್ಯ. ಪುಟ್ಟದು. ಬರೆದೋರು ಯಾರು ಅಂತಾನೂ ಗೊತ್ತಿಲ್ಲ. ನದಿ ದಡದಲ್ಲಿ ಒಬ್ಬ ಅಣ್ಣ. ಅವನ ತಮ್ಮ ಎಲ್ಲಾ ಬಿಟ್ಟು ದೂರ ಹೊರಟಿದ್ದಾನೆ. ಹೊರಡೋ ಹೊತ್ತಲ್ಲಿ ಅಣ್ಣ ತಮ್ಮನ ಮುಂದೆ ಐದು ಬೆಟ್ಟ ವರ್ಣಿಸ್ತಾನೆ. ಮೊದಲನೇದು ಮಲಗಿರೋ ಎಮ್ಮೆಯ ಬೆನ್ನು. ಎರಡನೇದರ ಮೈಮೇಲೆ ಜಲಪಾತ, ವಾಸಿಯಾದ ಗಾಯದ ಬಿಳೀ ಕಲೆ ಥರ. ಮೂರನೇದಕ್ಕೆ ಎರಡು ಕಿವಿ. ನಾಲ್ಕನೇದು ನೀಲಿ, ಉಸಿರು ಬಿಟ್ರೆ ಅಳಿಸಿಹೋಗೋ ಅಷ್ಟು ತೆಳು. ಐದನೇದು ಎಲ್ಲಕ್ಕಿಂತ ಎತ್ತರ, ಹೊತ್ತಿಗೆ ಮುಂಚೆ ಸೂರ್ಯನ್ನ ನುಂಗೋ ಬೆಟ್ಟ. ಕೊನೆಗೆ ಒಂದು ಮಾತು ಹೇಳಿ ಮುಗಿಸ್ತಾನೆ: ಇವೇ ಐದು, ಆರನೇದು ನನ್ನ ಕಣ್ಣಿಗಿಲ್ಲ.

ಓದಿದ ಪಂಡಿತರೆಲ್ಲಾ ಒಂದೇ ಅರ್ಥ ಮಾಡಿದ್ರು. ತಮ್ಮ ಹೋಗೋ ದಾರೀಲಿ ಒಂದಾದ ಮೇಲೊಂದು ಸಿಗೋ ಬೆಟ್ಟಗಳು ಇವು, ಅಣ್ಣ ದಾರಿ ಹೇಳಿಕೊಡ್ತಿದ್ದಾನೆ. ಮೊದಲ ನಾಲ್ಕು ಬೆಟ್ಟ ಯಾವ್ಯಾವು ಅಂತ ಹಿಂದಿನೋರೇ ಗುರುತು ಹಿಡಿದಿದ್ರು. ಎಮ್ಮೆ ಬೆನ್ನು, ಎರಡು ಕಿವಿ, ಎಲ್ಲಾ ಹಾಗ್ಹಾಗೇ ಇದಾವೆ. ತಮಾಷೆ ಏನಂದ್ರೆ, ಪೆನ್ಸಿಲ್ ಆ ನಾಲ್ಕನ್ನ ನಕ್ಷೇಲಿ ಗುರುತು ಮಾಡಿ ಗೆರೆ ಎಳೆದ್ರೆ ದಾರಿ ಹುಚ್ಚುಹುಚ್ಚಾಗಿ ಬರ್ತಿತ್ತು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ವಾಪಸ್ ಇಲ್ಲಿಗೆ. "ತಮ್ಮನ ಮೇಲೆ ಅಣ್ಣನಿಗೆ ಏನೋ ಹಳೇ ಸಿಟ್ಟಿರಬೇಕು ಕಣೋ, ಸುಮ್ನೆ ಅಲೆದಾಡಿಸ್ತಿದ್ದಾನೆ," ಅಂತಿದ್ರು ಭಾವ.

ಜಗಳ ಇದ್ದಿದ್ದು ಐದನೇ ಬೆಟ್ಟಕ್ಕೆ. ಒಬ್ಬೊಬ್ರು ಒಂದೊಂದು ತೋರಿಸೋರು. ಅಕ್ಕ ಹೇಳಿದ್ದು ನೇರ. "ಎಲ್ಲಕ್ಕಿಂತ ಎತ್ತರ ಅಂತ ಬಾಯಿಬಿಟ್ಟು ಹೇಳಿದ್ದಾನಲ್ರೋ. ಆ ಸೀಮೇಲಿ ಎತ್ತರ ಇರೋದು ಒಂದೇ ಬೆಟ್ಟ. ಅದರ ನೆರಳು ಸಾಯಂಕಾಲ ನದಿ ಕಣಿವೆಗೆ ಬೀಳುತ್ತಾ ಅಂತ ನೋಡಿಬಿಟ್ರೆ ಮುಗೀತು." ನೋಡೋಕೆ ಅಂತ ಹತ್ತಿದ್ಲು. ಪೆನ್ಸಿಲ್ ಕೆಳಗೆ ಕಣಿವೇಲಿ ನಿಂತಿದ್ದ. ನೆರಳು ಹೊಲ ದಾಟಿ ಅವನ ಚಪ್ಪಲಿ ಮುಟ್ಟಿದಾಗ ಫೋನಲ್ಲಿ ಕಿರುಚಿದ, "ಬಂತು ಅಕ್ಕಾ, ಬಂತು!" ಅವಳೂ ಕಿರುಚಿದ್ಲು. ಅದೇ ಖುಷೀಲಿ ಇಳಿಯುವಾಗ ಒಂದು ಕಲ್ಲು ಜಾರಿತು. ಬಿದ್ಲು. ಸೊಂಟದಿಂದ ಕೆಳಗೆ ಮತ್ತೆ ಯಾವತ್ತೂ ಅಲ್ಲಾಡಲಿಲ್ಲ.

ಆಮೇಲೆ ನೋಡೋಕೆ ಬಂದೋರಿಗೆಲ್ಲಾ ಅಕ್ಕ ಹೇಳ್ತಿದ್ದಿದ್ದು ಒಂದೇ ಮಾತು. "ಕಾಲು ಹೋಯ್ತು, ಬೆಟ್ಟ ಸಿಕ್ತು." ನಗ್ತಾನೇ ಹೇಳೋಳು. ಬಂದೋರು ಚಹಾ ಲೋಟ ಕೈಲಿ ಹಿಡ್ಕೊಂಡು ಗೋಡೆ ನೋಡೋರು. ಆ ಬೆಟ್ಟವನ್ನ ಅವಳು ಹೆಸರು ಹಿಡಿದು ಕರೀತಾನೇ ಇರ್ಲಿಲ್ಲ, 'ನನ್ನ ಬೆಟ್ಟ' ಅಂತಿದ್ಲು. ಆ ಮಾತಿನ ಎರಡನೇ ಅರ್ಧ ಇಲ್ದೇ ಹೋದ್ರೆ ಮೊದಲನೇ ಅರ್ಧ ಹೊತ್ಕೊಳ್ಳೋಕೆ ಅವಳ ಕೈಲಿ ಆಗಲ್ಲ ಅಂತ ಭಾವಂಗೆ ಗೊತ್ತಿತ್ತು, ಪೆನ್ಸಿಲ್ಲಿಗೂ ಗೊತ್ತಿತ್ತು. ಅದರ ಬಗ್ಗೆ ಇಬ್ರೂ ಮಾತಾಡಿರ್ಲಿಲ್ಲ ಅಷ್ಟೇ.

ಪುಸ್ತಕ ಅಚ್ಚಿಗೆ ಹೊರಟಿತ್ತು. ಪೂರ್ತಿ ಕಾವ್ಯ, ಅಕ್ಕನ ಟಿಪ್ಪಣಿ, ಪೆನ್ಸಿಲ್ಲಿನ ನಕ್ಷೆ. ರಕ್ಷಾಪುಟಕ್ಕೆ ಏನಾದ್ರೂ ಬೇಕಲ್ಲ ಅಂತ ಪ್ರೆಸ್ಸಿನ ಮೇಡಂ ಕೇಳಿದಾಗ ಭಾವಂಗೆ ಒಂದು ಐಡಿಯಾ ಬಂತು. ಭಾವನ ಕಸುಬು ಹಲ್ಲಿನ ಸೆಟ್ ಮಾಡೋದು. ದಂತವೈದ್ಯರು ಬಾಯಿ ಅಳತೆ ತೆಗೆದು ಕಳಿಸ್ತಾರೆ, ಭಾವ ಪ್ಲಾಸ್ಟರ್ ಎರಕ ಹುಯ್ದು, ಮೇಣದಲ್ಲಿ ಒಸಡು ಮಾಡಿ, ಹಲ್ಲು ಕೂರಿಸ್ತಾರೆ. "ಹಲ್ಲಾದ್ರೇನು ಬೆಟ್ಟ ಆದ್ರೇನು, ಎರಡೂ ಬುಡದಿಂದ ಎದ್ದಿರೋವೇ ತಾನೆ? ನೀನು ಎತ್ತರದ ಗೆರೆ ಹಾಕ್ಕೊಡು, ಪೂರ್ತಿ ಸೀಮೇನೇ ಎರಕ ಹುಯ್ದು ಕೊಡ್ತೀನಿ. ಫೋಟೋನೂ ಆಗುತ್ತೆ, ನಿಮ್ಮಕ್ಕಂಗೆ ಮುಟ್ಟಿ ನೋಡೋಕೂ ಆಗುತ್ತೆ," ಅಂದ್ರು.

ಸರಿ, ಭಾವನ ಕೋಣೇಲಿ ಇಬ್ರೂ ಕೂತ್ರು. ಕಪಾಟಿನ ತುಂಬಾ ಯಾರ್ಯಾರದೋ ಬಾಯಿಗಳು ಸಾಲಾಗಿ ಹಲ್ಲು ಕಿರೀತಿದ್ವು. ಪೆನ್ಸಿಲ್ ಗುಲಾಬಿ ಮೇಣದ ಹಾಳೆ ಮೇಲೆ ಗೆರೆ ಎಳೆದು ಕತ್ತರಿಸಿ ಕೊಡೋನು, ಭಾವ ಒಂದರ ಮೇಲೊಂದು ಬಿಸಿ ಚಾಕುವಲ್ಲಿ ಅಂಟಿಸೋರು. ಅಕ್ಕನ ಬೆಟ್ಟಕ್ಕೆ ಬೇಕಾದಷ್ಟು ಹಾಳೆ ಇನ್ಯಾವುದಕ್ಕೂ ಬೇಕಾಗಲಿಲ್ಲ. ಮೇಣದ ಪೂರ್ತಿ ಸೀಮೆಗೆ ಅಚ್ಚು ತೆಗೆದು ಪ್ಲಾಸ್ಟರ್ ಹುಯ್ದು, ಗಟ್ಟಿಯಾದ ಮೇಲೆ ಬಿಡಿಸಿದ್ರೆ, ಅಬ್ಬಾ, ಮೇಜಿನ ಮೇಲೆ ಬೆಳ್ಳಗೆ ಒಂದು ಲೋಕ. ನದಿ, ಕಣಿವೆ, ಐದು ಬೆಟ್ಟ, ಸುತ್ತ ಸಣ್ಣಪುಟ್ಟ ಗುಡ್ಡ.

"ನೋಡೋ, ಒಂದು ಹಲ್ಲೂ ಹುಳುಕಿಲ್ಲ," ಅಂದ್ರು ಭಾವ ಹೆಮ್ಮೆಯಿಂದ.

ಕಣಿವೇಲಿ ಪುಡಿ ಕೂತಿತ್ತು. ಅದನ್ನ ಊದೋಣ ಅಂತ ಪೆನ್ಸಿಲ್ ಬಗ್ಗಿ, ಕೆನ್ನೆಯನ್ನ ಮೇಜಿಗೆ ಆನಿಸಿದ. ಊದಲಿಲ್ಲ. ಹಾಗೇ ಇದ್ದುಬಿಟ್ಟ. ಇಷ್ಟು ವರ್ಷ ಅವನು ಈ ಬೆಟ್ಟಗಳನ್ನ ನೋಡಿದ್ದೆಲ್ಲಾ ಮೇಲಿಂದ, ಹದ್ದಿನ ಥರ. ನಕ್ಷೆ ಅಂದ್ರೆ ಮೇಲಿಂದ ನೋಡೋದೇ. ಈಗ ಕಣ್ಣು ನದಿ ದಡದ ಮಟ್ಟದಲ್ಲಿತ್ತು. ಎಡಗಡೆ ಎಮ್ಮೆ ಬೆನ್ನು. ಅದರ ಪಕ್ಕ ಜಲಪಾತದ ಬೆಟ್ಟ. ಆಮೇಲೆ ಎರಡು ಕಿವಿ. ಆಮೇಲೆ ತೆಳ್ಳಗೆ ದೂರದ್ದು. ಎಡದಿಂದ ಬಲಕ್ಕೆ ಒಂದು, ಎರಡು, ಮೂರು, ನಾಲ್ಕು. ಕಾವ್ಯದಲ್ಲಿ ಹೇಗಿದ್ವೋ ಹಾಗೇ. ದಾರಿ ಇರ್ಲೇ ಇಲ್ಲ. ಹತ್ತಿರದ್ದು ದೂರದ್ದು ಅಂತ ಲೆಕ್ಕ ಇಡದೇ, ಒಂದೇ ಜಾಗದಲ್ಲಿದ್ದು, ಕಣ್ಣಿಗೆ ಕಂಡ ಹಾಗೆ ಹೇಳ್ತಾ ಹೋಗಿದ್ದ ಆ ಅಣ್ಣ.

ಪೆನ್ಸಿಲ್ಲಿನ ಮೈ ಜುಮ್ ಅಂತು. ಖುಷಿಗೆ. ಆಮೇಲೆ ಬಲಗಡೆಗೆ, ಐದನೇದಕ್ಕೆ ಕಣ್ಣು ಹಾಯಿಸಿದ. ಅಲ್ಲಿ ಅಕ್ಕನ ಬೆಟ್ಟ ಇರ್ಲಿಲ್ಲ. ನದಿಯ ಆಚೆ ದಡಕ್ಕೇ ಅಂಟಿಕೊಂಡು ಒಂದು ಗುಡ್ಡ, ಸೊಳ್ಳೆ ಕಚ್ಚಿದ ದದ್ದಿನ ಥರದ್ದು, ನಕ್ಷೇಲಿ ಹೆಸರೂ ಬರೆಯದೇ ಬಿಟ್ಟಿದ್ದು, ಪಕ್ಕದಲ್ಲೇ ಇರೋದ್ರಿಂದ ದೊಡ್ಡ ದೈತ್ಯನ ಥರ ಎದ್ದು ನಿಂತಿತ್ತು. ಉಳಿದ ನಾಲ್ಕಕ್ಕಿಂತ ಎತ್ತರ. ಪಶ್ಚಿಮದ ಕಡೆ. ಸೂರ್ಯನ್ನ ಅದು ನುಂಗದೇ ಇನ್ಯಾರು ನುಂಗ್ತಾರೆ? ಅಕ್ಕನ ಬೆಟ್ಟ ಅದರ ಹಿಂದೆಲ್ಲೋ ಮುಚ್ಚಿಹೋಗಿತ್ತು.

ಅವನು ಕೆನ್ನೆ ಎತ್ತಲೇ ಇಲ್ಲ.

"ಏನೋ, ಅಲ್ಲೇ ನಿದ್ದೆ ಹೋದ್ಯಾ?"

"ಭಾವ, ಇಲ್ಲಿ ಕೆನ್ನೆ ಇಡಿ."

ಭಾವ ಕೆನ್ನೆ ಇಟ್ರು. ಪೆನ್ಸಿಲ್ ಎಲ್ಲಾ ಹೇಳಿದ. ಭಾವ ಮೇಲೆದ್ದಾಗ ಕೆನ್ನೆಗೆಲ್ಲಾ ಬಿಳೀ ಪುಡಿ ಮೆತ್ತಿತ್ತು, ಮುಖದಲ್ಲಿ ನಗು ಇರ್ಲಿಲ್ಲ. "ಇದನ್ನ ಎಲ್ಲಾದ್ರೂ ಬಾಯಿಬಿಟ್ಟೆ ಅಂದ್ರೆ ನಿನ್ನ ಬಾಯಿಗೇ ಎರಕ ಹುಯ್ದುಬಿಡ್ತೀನಿ."

"ಪುಸ್ತಕದಲ್ಲಿ ತಪ್ಪು ಹೋಗುತ್ತಲ್ಲ ಭಾವ."

"ಹೋಗ್ಲಿ. ಆ ಕವಿ ಬಂದು ಕೇಳ್ತಾನಾ? ಸಾವಿರ ವರ್ಷದಿಂದ ಯಾರಿಗೂ ಬೇಕಾಗಿರ್ಲಿಲ್ಲ. ಅವಳು ಬೆಳಿಗ್ಗೆ ಎದ್ದು ಕೂರೋದು ಯಾವ ಧೈರ್ಯದ ಮೇಲೆ ಅಂತ ನಿಂಗೊತ್ತಿಲ್ವಾ? ಬಿದ್ದಿದ್ದು ದಂಡಕ್ಕೆ ಅಂತ ಹೇಳ್ತೀಯಾ ಹೋಗಿ ಅವಳಿಗೆ?"

"ಹೋಗಿ ನೋಡಿ ಬರ್ತೀನಿ ಭಾವ. ಪ್ಲಾಸ್ಟರ್ ನಂಬಿ ಏನು ಹೇಳೋಕಾಗುತ್ತೆ. ನಾನೇ ತಪ್ಪಿರಬಹುದು."

"ತಪ್ಪಾಗಿರು ಮಾರಾಯ," ಅಂದ್ರು ಭಾವ. ಬೈದ ಹಾಗಿತ್ತು, ಬೇಡಿಕೊಂಡ ಹಾಗೂ ಇತ್ತು.

ಮಾರನೇ ದಿನ ಪೆನ್ಸಿಲ್ ಭಾವನ ಸ್ಕೂಟರ್ ತಗೊಂಡು ಹೊರಟ. ತಾನು ಕಂಡುಹಿಡಿದಿದ್ದು ಸುಳ್ಳಾಗ್ಲಿ ಅಂತ ಬೇಡಿಕೊಂಡು ಹೋದ ಮನುಷ್ಯ ಅವನೊಬ್ಬನೇ ಇರಬೇಕು. ಪ್ಲಾಸ್ಟರಿನ ಮೇಲೆ ಬೆಂಕಿಕಡ್ಡಿ ಚುಚ್ಚಿ ಗುರುತು ಮಾಡ್ಕೊಂಡಿದ್ದ ಜಾಗ ನದಿ ತಿರುವಿನಲ್ಲಿತ್ತು. ಈಗ ಅಲ್ಲಿ ಲಾರಿಗಳನ್ನ ತೊಳೀತಾರೆ. ನೀರಿನ ಪಕ್ಕ ಒಂದು ಅಗಲವಾದ ಬಂಡೆ, ಮೇಲೆಲ್ಲಾ ಸೋಪಿನ ನೊರೆ. ಆಚೆ ದಡದಲ್ಲಿ ಆ ಗುಡ್ಡ. ತಲೆ ಮೇಲೆ ನೀರಿನ ಟ್ಯಾಂಕು, ಪಕ್ಕದಲ್ಲಿ ಫೋನಿನ ಟವರು, ಮೇಲಿನ ತನಕ ಟಾರು ರಸ್ತೆ. ಐದು ನಿಮಿಷಕ್ಕೆ ಸ್ಕೂಟರಲ್ಲಿ ತುದಿ ಮುಟ್ಟಬಹುದಾದ ಗುಡ್ಡ.

ಬಂಡೆ ಮೇಲೆ ನಿಂತು ಉದ್ದನೇ ಕಾಗದ ಬಿಚ್ಚಿ ದಿಗಂತದ ಗೆರೆ ಬರಿಯೋಕೆ ಶುರು ಮಾಡಿದ. ಎಮ್ಮೆ ಬೆನ್ನು ಬಂತು. ಜಲಪಾತ ಬಂತು. ಕಿವಿ ಬಂದ್ವು. ತೆಳು ನೀಲಿ ಬಂತು. ಗುಡ್ಡ ಬಂತು. ಒಂದೊಂದು ಸರಿಹೋದಾಗ್ಲೂ ಮುಂದಿನದಾದ್ರೂ ತಪ್ಪಲಿ ಅಂದ್ಕೊಂಡ. ಗೆರೆ ಗುಡ್ಡದ ನೆತ್ತಿ ದಾಟಿ, ಅದರ ಬೋಳು ಹೆಗಲ ಮೇಲೆ ಇಳಿಯೋ ಹೊತ್ತಿಗೆ ಕೈಲಿದ್ದ ಪೆನ್ಸಿಲ್ ತಟ್ಟಂತ ನಿಂತುಬಿಡ್ತು. ಹೆಗಲ ಹಿಂದೆ ಉಗುರಿನ ತುದಿಯಷ್ಟು ಏನೋ ಮೂಡಿತ್ತು. ಕಣ್ಣು ಉಜ್ಜಿ ನೋಡಿದ. ಅಕ್ಕನ ಬೆಟ್ಟ! ಅದರ ಶಿಖರದ ಮೊನೆ.

ಆರು! ಇಲ್ಲಿಂದ ಆರು ಬೆಟ್ಟ ಕಾಣ್ತವೆ. ಕಾವ್ಯದಲ್ಲಿ ಐದೇ, ಆರನೇದು ಕಣ್ಣಿಗಿಲ್ಲ ಅಂತ ಒತ್ತಿ ಹೇಳಿದ್ದಾನೆ. ಜಾಗ ಇದಲ್ಲ. ಎಲ್ಲಾ ಕಾಕತಾಳೀಯ. ಪೆನ್ಸಿಲ್ ನೊರೆಯಲ್ಲಿ ಜಾರಿ ಬೀಳೋದೊಂದು ಬಾಕಿ, ಹಾಗೆ ಕುಣಿದ. ಲಾರಿ ತೊಳೆಯೋರು ಪೈಪ್ ಹಿಡ್ಕೊಂಡು ನೋಡ್ತಾ ನಿಂತ್ರು.

ಆ ಖುಷಿಯೇ ಅವನ ಕೈಲಿ ಎಡವಟ್ಟು ಮಾಡಿಸ್ತು ನೋಡಿ. ಸುಳ್ಳಾಗಿದೆಯಲ್ಲ, ಇನ್ನೇನು ಭಯ? ನೇರ ಅಕ್ಕನ ಕೋಣೆಗೆ ನುಗ್ಗಿ, ಮಂಚದ ಮೇಲೆ ಕಾಗದ ಹರಡಿ, ತನ್ನನ್ನ ತಾನೇ ಗೇಲಿ ಮಾಡ್ಕೊಂಡು ಕಥೆ ಹೇಳೋಕೆ ಶುರು ಮಾಡಿದ. ಕೆನ್ನೆ ಇಟ್ಟಿದ್ದು, ಎದೆ ಒಡೆದಿದ್ದು, ಭಾವ ಬಾಯಿಗೆ ಎರಕ ಹುಯ್ತೀನಿ ಅಂದಿದ್ದು. "ಕೊನೆಗೆ ನಿನ್ನ ಬೆಟ್ಟಾನೇ ಬಂದು ನನ್ನ ತಲೆ ಮೇಲೆ ಕುಟ್ಟಿತು ಕಣೇ ಅಕ್ಕ. ನೋಡಿಲ್ಲಿ, ಆರನೇದು!"

ಅಕ್ಕ ನಗಲಿಲ್ಲ. ಗಾಲಿಕುರ್ಚಿಯನ್ನ ಮಂಚದ ಹತ್ತಿರ ತಳ್ಕೊಂಡು ಬಂದು ಕಾಗದದ ಮೇಲೆ ಬಗ್ಗಿದ್ಲು. ಎಡದಿಂದ ಬಲಕ್ಕೆ ಬೆರಳು ಇಡ್ತಾ ಹೋದ್ಲು. ಐದನೇದರ ಮೇಲೆ ಬೆರಳು ಸುಮಾರು ಹೊತ್ತು ನಿಂತಿತ್ತು. ಆಮೇಲೆ ಆ ಉಗುರ ತುದಿಯ ಮೇಲೆ.

"ಇದನ್ನ ನಿಂತು ಬರೆದ್ಯಾ?"

"ಹೂಂ."

"ಕೂತು ನೋಡಿದ್ಯಾ?"

ಕೂತು ನೋಡಿರ್ಲಿಲ್ಲ. ಬೆಟ್ಟ ನೋಡೋಕೆ ಹೋದೋರು ಯಾರು ಕೂರ್ತಾರೆ? ಅಕ್ಕ ಅದೇ ಕೋಣೆಯ ಕಿಟಕಿ ಕಡೆ ಕತ್ತು ತಿರುಗಿಸಿದ್ಲು. "ಈ ಕಿಟಕಿ ಕಟ್ಟೆ ಇದೆಯಲ್ಲ. ನೀವೆಲ್ಲಾ ಆಚೆ ಬೀದಿ ನೋಡ್ತೀರಿ. ನಂಗೆ ಎದುರು ಮನೆ ಮಹಡಿ ಮಾತ್ರ ಕಾಣುತ್ತೆ. ಬೀದಿ ಇದೆ ಅಂತ ಸದ್ದಿನಿಂದ ಗೊತ್ತು. ಗುಡ್ಡ ಅಷ್ಟು ಹತ್ತಿರ ಇದ್ರೆ, ಕೂತೋನ ಕಣ್ಣಿಗೆ ಅದರ ಹೆಗಲು ಇಷ್ಟು ಮೇಲೆ ಬರುತ್ತೆ." ಕಾಗದದ ಮೇಲೆ ಹೆಬ್ಬೆರಳು ಅಡ್ಡ ಇಟ್ಲು. ಆರನೇದು ಮುಚ್ಚಿಹೋಯ್ತು. "ಐದೇ."

"ಅವನು ಕೂತಿದ್ದ ಅಂತ ಎಲ್ಲಿದೆ ಕಾವ್ಯದಲ್ಲಿ?"

"ತಮ್ಮ ಹೊರಟಿದ್ದಾನೆ, ಅಣ್ಣ ಇದ್ದಲ್ಲಿಂದ ಕದಲಲ್ಲ, ಒಂದು ಹೆಜ್ಜೆ ಜೊತೆಗೆ ನಡಿಯಲ್ಲ. ಹತ್ತು ವರ್ಷ ಓದಿದ್ದೀನಿ, ಅವನು ಯಾಕೆ ಏಳಲ್ಲ ಅಂತ ಒಂದು ಸಲಾನೂ ಕೇಳ್ಕೊಳ್ಳಲಿಲ್ಲ ನೋಡು ನಾನು." ಅವಳ ದನಿ ಏನೂ ಏರಲಿಲ್ಲ. "ಏಳೋಕಾಗ್ತಿರ್ಲಿಲ್ವೇನೋ. ದಾರಿ ಹೇಳ್ತಿರ್ಲಿಲ್ಲ ಕಣೋ ಅವನು. ನೀನು ಹೋದಮೇಲೆ ನಾನು ನೋಡ್ಕೊಂಡಿರೋದು ಇಷ್ಟನ್ನೇ ಅಂತ ಹೇಳ್ತಿದ್ದ."

"ಅಕ್ಕಾ, ಇದು ಬರೀ ಊಹೆ..."

"ಬಾಗಿಲು ಎಳ್ಕೊಂಡು ಹೋಗು."

ಆಮೇಲಿನ ದಿನಗಳು ಆ ಮನೇಲಿ ಹೇಗಿದ್ವು ಅಂತ ಹೇಳೋದು ಕಷ್ಟ. ಅಕ್ಕ ಉಂಡ್ಲು, ಔಷಧಿ ತಗೊಂಡ್ಲು, ಕೇಳಿದ್ದಕ್ಕೆ ಹೂಂ ಉಹೂಂ ಅಂದ್ಲು. ನೆರೆಮನೆಯವರು ಯಾರೋ ನೋಡೋಕೆ ಬಂದ್ರು. ಅಭ್ಯಾಸ ಬಲದಿಂದ ಅಕ್ಕನ ಬಾಯಲ್ಲಿ "ಕಾಲು ಹೋಯ್ತು" ಅಂತ ಬಂತು, ಅಲ್ಲಿಗೆ ಮಾತು ಮುಗೀತು. ಮುಂದಿನದಕ್ಕೆ ಬಂದೋರು ಕಾದ್ರು. ಅವಳು ಸೆರಗಿನ ಅಂಚು ಸರಿಮಾಡ್ಕೊಂಡ್ಲು. ಅಡುಗೆಮನೇಲಿ ಭಾವ ಪೆನ್ಸಿಲ್ಲಿನ ಮುಖ ನೋಡಲಿಲ್ಲ. ನೋಡಿದ್ರೆ ಬೈಬೇಕಾಗುತ್ತೆ ಅಂತಿರಬೇಕು, ಅಥವಾ ಅಳಬೇಕಾಗುತ್ತೆ ಅಂತ. ಬೆಳ್ಳಗಿನ ಬೆಟ್ಟಗಳ ಮೇಲೆ ಭಾವ ಒಂದು ಬಟ್ಟೆ ಹಾಕಿ ಮುಚ್ಚಿಟ್ಟಿದ್ರು.

ಪ್ರೆಸ್ಸಿನ ಮೇಡಂ ಫೋನ್ ಮೇಲೆ ಫೋನ್. ನಕ್ಷೆ ಕೊಟ್ರೆ ಮುಗೀತು, ಉಳಿದಿದ್ದೆಲ್ಲಾ ತಯಾರು. ಪೆನ್ಸಿಲ್ ಧೈರ್ಯ ಮಾಡಿ ಅಕ್ಕನ ಬಾಗಿಲಲ್ಲಿ ನಿಂತ. "ಹಳೇದನ್ನೇ ಕಳಿಸಿಬಿಡ್ತೀನಿ ಅಕ್ಕ. ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲೋ."

"ನಿಂಗೋಸ್ಕರಾನೇ ಹೇಳ್ತಿರೋದು."

"ಗೊತ್ತು. ನನ್ನ ಕೈಲಿ ಒಂದು ಬೊಂಬೆ ಕೊಟ್ಟು ಕೂರಿಸೋ ಆಸೆ ನಿಮ್ಮಿಬ್ರಿಗೂ." ಬಹಳ ದಿನ ಆದಮೇಲೆ ಅವಳು ಅಷ್ಟುದ್ದ ಮಾತಾಡಿದ್ದು. "ಆಡ್ಕೊಂಡಿರ್ತಿದ್ದೆ, ನೀನು ಹೇಳದೇ ಇದ್ದಿದ್ರೆ. ಈಗ ಆಗಲ್ಲ. ಅವನು ತನಗೆ ಕಂಡಿದ್ದನ್ನ ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ ಹಾಗೆ ಹೇಳಿ ಹೋಗಿದ್ದಾನೆ. ನಾನು ಅದಕ್ಕೆ ನನ್ನದೊಂದು ಬೆಟ್ಟ ತುರುಕಲಾ? ನಿಮ್ಮ ಭಾವಂಗೆ ವ್ಯಾನ್ ಹೇಳೋಕೆ ಹೇಳು. ನಾನೇ ನೋಡಬೇಕು."

ಸಾಯಂಕಾಲಕ್ಕೆ ಸರಿಯಾಗಿ ನದಿ ತಿರುವಿಗೆ ಬಂದ್ರು. ಲಾರಿ ತೊಳೆಯೋರು ಏನು ಎತ್ತ ಕೇಳದೇ ಗಾಲಿಕುರ್ಚಿಯನ್ನ ನಾಲ್ಕೂ ಕಡೆ ಹಿಡಿದು ಬಂಡೆ ಮೇಲಿಟ್ರು, ನೊರೆಗೆ ಒಂದು ಬಕೆಟ್ ನೀರು ಹುಯ್ದು ಆಚೆ ಹೋದ್ರು. ಅಕ್ಕ ಕೂತ್ಲು. ಎಡದಿಂದ ನೋಡ್ತಾ ಬಂದ್ಲು. ಗುಡ್ಡದ ಹತ್ತಿರ ಬಂದಾಗ ಟ್ಯಾಂಕು, ಟವರು, ರಸ್ತೇಲಿ ಇಳೀತಿದ್ದ ಒಂದು ಹಾಲಿನ ಗಾಡಿ, ಎಲ್ಲಾ ನೋಡಿದ್ಲು.

"ಇದಕ್ಕಾ?" ಅಂದ್ಲು ಮೆಲ್ಲಗೆ. ಭಾವ ಬೇರೆ ಕಡೆ ತಿರುಗಿಕೊಂಡ್ರು.

ಗುಡ್ಡದ ಹೆಗಲ ಮೇಲೆ ಆಕಾಶ ಬಿಟ್ರೆ ಏನೂ ಇರ್ಲಿಲ್ಲ. ಅವಳು ಅಲ್ಲೇ ಕಣ್ಣಿಟ್ಟು ಕೂತಿದ್ದು ನೋಡಿ ಪೆನ್ಸಿಲ್ಲಿಗೆ ತಡೀಲಿಕ್ಕಾಗಲಿಲ್ಲ. ಕಣ್ಣು ಒರೆಸ್ಕೊಂಡ.

"ಅಳಬೇಡ್ವೋ. ಬಾ ಇಲ್ಲಿ. ರೀ, ನೀವೂ ಬನ್ನಿ. ನನ್ನನ್ನ ಒಂದು ಸಲ ಎತ್ತಿ ನಿಲ್ಲಿಸಿ."

ಒಂದು ಕಂಕುಳಿಗೆ ಭಾವ, ಇನ್ನೊಂದಕ್ಕೆ ಪೆನ್ಸಿಲ್ ಕೈಕೊಟ್ಟು ಎತ್ತಿದ್ರು. ಕಾಲು ಬಟ್ಟೆ ಥರ ತೂಗಾಡಿದ್ವು, ಭಾರ ಎಲ್ಲಾ ಇವರ ಭುಜಕ್ಕೆ ಬಂತು. ಇನ್ನೂ ಸ್ವಲ್ಪ ಅಂದ್ಲು. ಇನ್ನೂ ಸ್ವಲ್ಪ ಎತ್ತಿದ್ರು. ಆಗ ಅವಳ ಉಸಿರು ನಿಂತಿದ್ದು ಪೆನ್ಸಿಲ್ಲಿಗೆ ಪಕ್ಕೆಲುಬಿನಲ್ಲಿ ಗೊತ್ತಾಯ್ತು. ಹೆಗಲ ಹಿಂದೆ ಆ ಮೊನೆ ಮೂಡಿತ್ತು, ಹಿಂದಿನ ಬಿಸಿಲಿಗೆ ಅಂಚು ಹೊಳೀತಿತ್ತು. ಭಾವ ಹಿಡಿತ ಬದಲಾಯಿಸ್ಕೊಂಡ್ರು, ಇಳಿಸಲಿಲ್ಲ.

"ಸಾಕು, ಕೂರಿಸಿ," ಅಂದ್ಲು ಅಕ್ಕ.

ಇಳಿಸಿದ್ರು. ಮೊನೆ ಹೋಯ್ತು. ಅವಳು ಸೀರೆ ನೆರಿಗೆ ಕಾಲ ಮೇಲೆ ಸರಿಮಾಡ್ಕೊಂಡು, ಕುರ್ಚಿಯ ಬ್ರೇಕ್ ಹಾಕಿದ್ಲು. ಆಚೆ ಹೊಲದಲ್ಲೆಲ್ಲಾ ಇನ್ನೂ ಧಾರಾಳ ಬಿಸಿಲಿತ್ತು, ಆಗಲೇ ಗುಡ್ಡ ಸೂರ್ಯನ್ನ ನುಂಗಿತು. ಬಂಡೆ ತಣ್ಣಗಾಯ್ತು.

"ಕಾಗದ ತೆಗಿ," ಅಂದ್ಲು. ಪೆನ್ಸಿಲ್ ನಿಂತೇ ಕಾಗದ ಬಿಚ್ಚೋಕೆ ಹೋದ. ಅವಳು ನೋಡಿದ ನೋಟಕ್ಕೆ ಒದ್ದೆ ಬಂಡೆ ಮೇಲೇ ಕುರ್ಚಿಯ ಪಕ್ಕ ಕೂತ. ಅಕ್ಕ ಎಡದಿಂದ ಒಂದೊಂದೇ ಹೇಳ್ತಾ ಹೋದ್ಲು, ಅವನು ಬರೀತಾ ಹೋದ. ಎಮ್ಮೆ ಬೆನ್ನು. ಗಾಯದ ಕಲೆ. ಎರಡು ಕಿವಿ. ತೆಳು ನೀಲಿ. ಐದನೇದಕ್ಕೆ ಬಂದಾಗ ಅವಳ ದನಿ ಒಂದು ಸಲ ಮುಗ್ಗರಿಸ್ತು, ಆದ್ರೂ ಹೇಳಿದ್ಲು. ಹೇಳಿ, ಕೈ ಮಡಿಲಲ್ಲಿಟ್ಟುಕೊಂಡು, "ಇವೇ ಐದು," ಅಂದ್ಲು.